ಓದುಗರ ಪ್ರಶ್ನೆ, ನಮ್ಮ ಉತ್ತರ: ಇಳಿಯುವ ವಿಮಾನದಲ್ಲಿ ‘ನೋಡ್ತಾ ಕೂತವರ’ ಕೆಲಸ ಎಂತದ್ದು?

ಎಲ್ಲರಿಗೂ ನಮಸ್ಕಾರ. ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಬಜ್ಪೆಯಲ್ಲಿ ವಿಮಾನ ಇಳಿಸುವ ಬಗ್ಗೆ ನಾಲ್ಕು ಮಾತು ಬರ್ದಿದ್ದೆ, ಅದಕ್ಕೆ ಬಂದ ಪತ್ರ ಮತ್ತೆ ವಾಟ್ಸಾಪ್ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳಿದ್ದಾರೆ, ಇಳಿಯುವಾಗ ಎತ್ತರ ತಪ್ಪುದು ಹೇಗೆ, ಒಳಗೆ ಇಬ್ಬರು ಪೈಲಟ್ ಇದ್ದೂ ಅದು ಗೊತ್ತಾಗುದಿಲ್ವಾ ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು, ನಾನು ಪೈಲಟ್ ಅಲ್ಲ, ಏರ್ ಟ್ರಾಫಿಕ್ ಕಂಟ್ರೋಲಲ್ಲಿ ಕೆಲಸ ಮಾಡಿ ರಿಟೈರ್ ಆಗಿ ಈಗ ಉಡುಪಿಯಲ್ಲಿ ಇರುವವ. ಪೈಲಟ್‌ಗಳ ಮುಖಕ್ಕಿಂತ ಅವರ ಸ್ವರ ನನಗೆ ಹೆಚ್ಚು ಪರಿಚಯ.

ಪ್ರ: ಸರ್, ದುಬೈಯಿಂದ ಊರಿಗೆ ಬರುವಾಗ ವಿಮಾನ ಇಳಿತಾ ಇಳಿತಾ ಒಮ್ಮೆ ನಿಂತ ಹಾಗೆ ಆಯ್ತು, ಇಂಜಿನ್ ಶಬ್ದ ಜೋರಾಯ್ತು, ಸ್ವಲ್ಪ ಹೊತ್ತಾದ ಮೇಲೆ ಪುನಃ ಇಳಿಲಿಕ್ಕೆ ಶುರು. ಪಕ್ಕದಲ್ಲಿ ಕೂತವರು ‘ಪೈಲಟ್‌ಗೆ ಹೈಟ್ ತಪ್ಪಿತು’ ಅಂದ್ರು. ಹೌದಾ?
— ಒಬ್ಬ ಓದುಗರು, ಮೂಡುಬಿದಿರೆ

ಉ: ಇಲ್ಲ, ನೀವು ಹೇಳಿದ್ದು ಕೇಳಿದ್ರೆ ಹೈಟ್ ತಪ್ಪಿದ್ದಲ್ಲ, ಸರಿಯಾದ ಹೈಟಲ್ಲಿ ನಿಂತದ್ದು. ಕೆಳಗಿನಿಂದ ಕಂಟ್ರೋಲರ್ ‘ಹತ್ತು ಸಾವಿರ ಅಡಿಗೆ ಇಳಿ’ ಅಂದ್ರೆ ಅಲ್ಲಿಗೆ ಬಂದು ನಿಲ್ಲಬೇಕು, ಮುಂದಿನ ಅಪ್ಪಣೆ ಸಿಗುವವರೆಗೆ ಒಂದಡಿ ಕೆಳಗೆ ಹೋಗುವ ಹಾಗಿಲ್ಲ, ಯಾಕಂದ್ರೆ ಅದರ ಕೆಳಗಿನ ಮಹಡಿಯಲ್ಲಿ ಬೇರೆ ವಿಮಾನ ಇರಬಹುದು. ಸಪಾಟಾಗಿ ಹಾರುವಾಗ ಸ್ಪೀಡ್ ಉಳಿಸಿಕೊಳ್ಳಲಿಕ್ಕೆ ಇಂಜಿನ್‌ಗೆ ಪವರ್ ಕೊಡಬೇಕು, ನಿಮಗೆ ಕೇಳಿಸಿದ ಶಬ್ದ ಅದು.

ಇಳಿಯುವ ಲೆಕ್ಕ ನಮ್ಮವರಿಗೆ ಗೊತ್ತಿದ್ರೆ ಒಳ್ಳೇದು, ಬಹಳ ಸುಲಭ ಉಂಟು. ಸಾವಿರ ಅಡಿ ಇಳಿಲಿಕ್ಕೆ ಸುಮಾರು 3 ನಾಟಿಕಲ್ ಮೈಲು ಬೇಕು, ಅಂದ್ರೆ ಐದೂವರೆ ಕಿಲೋಮೀಟರ್. 35,000 ಅಡಿಯಲ್ಲಿ ಬರುವ ವಿಮಾನಕ್ಕೆ 105 ನಾಟಿಕಲ್ ಮೈಲು, ಸ್ಪೀಡ್ ಕಡಿಮೆ ಮಾಡ್ಲಿಕ್ಕೆ ಇನ್ನೊಂದು ಹತ್ತೋ ಹದಿನೈದೋ ಮೈಲು ಸೇರಿಸಿ, ಅಲ್ಲಿಗೆ ಇನ್ನೂರು ಕಿಲೋಮೀಟರ್ ದಾಟಿತು. ನೀವು ದುಬೈಯಿಂದ ಬರುವಾಗ ಕೆಳಗೆ ಬರೀ ಸಮುದ್ರ ಕಾಣುವಾಗಲೇ ಇಳಿಯುದು ಶುರು ಆಗಿರ್ತದೆ.

ಎತ್ತರ ತಪ್ಪುದು ಅಂತ ನಾವು ಹೇಳುದು, ಕೊಟ್ಟ ಎತ್ತರದಿಂದ 300 ಅಡಿ ಅಥವಾ ಅದಕ್ಕಿಂತ ಹೆಚ್ಚು ಆಚೀಚೆ ಆದಾಗ. 29,000ದಿಂದ 41,000 ಅಡಿ ನಡುವೆ ಇನ್ನೂ ಬಿಗಿ, ಅಲ್ಲಿ 200 ಅಡಿಯೇ ಮಿತಿ. ಮೊದಲು ಅಷ್ಟು ಮೇಲೆ ಎರಡು ವಿಮಾನಗಳ ಮಧ್ಯೆ 2,000 ಅಡಿ ಅಂತರ ಇಡ್ತಿದ್ದೆವು, ನಮ್ಮ ದೇಶದಲ್ಲಿ 2003ರ ನವೆಂಬರ್‌ನಿಂದ ಅದು 1,000 ಆಯ್ತು. ಈಗ ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 2,000 ಅಡಿ ಇಳಿಯುದು ಜೆಟ್‌ಗೆ ಮಾಮೂಲಿ. ಆ ವೇಗದಲ್ಲಿ 300 ಅಡಿ ಕಳೀಲಿಕ್ಕೆ ಎಷ್ಟು ಹೊತ್ತು? 9 ಸೆಕೆಂಡ್. ಒಬ್ಬರು ಚಾರ್ಟ್ ತೆಗೀಲಿಕ್ಕೆ ಬಗ್ಗಿ ಎದ್ದು ಕೂತುಕೊಳ್ಳುವಷ್ಟು ಹೊತ್ತು ಅಷ್ಟೆ.

ಪ್ರ: ನಮ್ಮ ಮಗ ಈಗ ಕೋ ಪೈಲಟ್ ಟ್ರೈನಿಂಗಲ್ಲಿದ್ದಾನೆ. ಫೋನಲ್ಲಿ ‘ಇವತ್ತು ನಾನು ಪೈಲಟ್ ಮಾನಿಟರಿಂಗ್’ ಅಂತಾನೆ. ಎಂತ ಮಾಡಿದೆ ಕೇಳಿದ್ರೆ ‘ನೋಡ್ತಾ ಕೂತಿದ್ದೆ’ ಅಂತಾನೆ. ಇಷ್ಟು ಸಾಲ ಮಾಡಿ ಕಲಿಸಿದ್ದು ನೋಡ್ತಾ ಕೂರ್ಲಿಕ್ಕಾ ಅಂತ ಬೇಜಾರಾಗ್ತದೆ.
— ಒಬ್ಬ ಅಮ್ಮ, ಕಿನ್ನಿಗೋಳಿ

ಉ: ಅಕ್ಕ, ಬೇಜಾರು ಮಾಡ್ಬೇಡಿ. ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನಿಮ್ಮದೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೇನೆ.

ಮೊದಲೆಲ್ಲ ಆ ಸೀಟಿನವರಿಗೆ ‘ಹಾರಿಸದ ಪೈಲಟ್’ ಅಂತಲೇ ಹೆಸರಿತ್ತು. ಒಬ್ಬ ಮಾಡದ ಕೆಲಸವನ್ನೇ ಅವನ ಹೆಸರು ಮಾಡಿದ್ದು ಅದು, ಅಡುಗೆ ಮನೆಯಲ್ಲಿ ಹಾಲಿಗೆ ಕಾವಲು ನಿಂತವಳನ್ನು ‘ಅಡುಗೆ ಮಾಡದವಳು’ ಅಂತ ಕರೆದ ಹಾಗೆ. ಈ 2000ದ ನಂತರ ಅದನ್ನು ಬದಲಿಸಿ ಪೈಲಟ್ ಮಾನಿಟರಿಂಗ್ ಅಂತ ಮಾಡಿದ್ರು. ಹಾಗೆ ಮಾಡ್ಲಿಕ್ಕೆ ಕಾರಣ ಉಂಟು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1994ರಲ್ಲಿ ಒಂದು ಅಧ್ಯಯನ ಮಾಡಿತ್ತು, 1978ರಿಂದ 1990ರ ಒಳಗೆ ಸಿಬ್ಬಂದಿಯ ತಪ್ಪಿನಿಂದ ಆದ 37 ದೊಡ್ಡ ಅಪಘಾತಗಳನ್ನು ತೆಗೆದು ನೋಡಿದ್ರೆ 31ರಲ್ಲಿ ಪಕ್ಕದವರು ಸರಿಯಾಗಿ ಗಮನಿಸಿರ್ಲಿಲ್ಲ, ಇಲ್ಲಾ ಗಮನಿಸಿಯೂ ಬಾಯಿಬಿಟ್ಟು ಹೇಳಿರ್ಲಿಲ್ಲ. ನೂರಕ್ಕೆ 84. ತಪ್ಪು ಮಾಡಿದವರು ಒಬ್ಬರಾದ್ರೆ ಅದನ್ನು ಹಿಡೀಬೇಕಾದವರ ಕೈಯಿಂದ ಅದು ಜಾರಿ ಹೋದದ್ದು ಅಷ್ಟು ಸಲ.

ಈಗ ನಿಮ್ಮ ಮಗ ಇಳಿಯುವಾಗ ಎಂತ ಮಾಡ್ತಾನೆ ಅಂತ ಹೇಳ್ತೇನೆ. ಹೆಚ್ಚಾಗಿ ರೇಡಿಯೋದಲ್ಲಿ ಮಾತಾಡುದು ಅವನೇ. ಕಂಟ್ರೋಲರ್ ಹೊಸ ಎತ್ತರ ಕೊಟ್ಟ ಕೂಡಲೇ ಅವನು ಅದನ್ನು ತಿರುಗಿ ಹೇಳ್ತಾನೆ, ಪಕ್ಕದವರು ಆ ಸಂಖ್ಯೆಯನ್ನು ಮುಂದಿನ ಪ್ಯಾನೆಲ್‌ನಲ್ಲಿ ತಿರುಗಿಸಿ ಇಡ್ತಾರೆ, ಆಮೇಲೆ ಇಬ್ಬರೂ ಅದನ್ನು ನೋಡಿ, ಸುಮಾರು ಕಂಪೆನಿಗಳಲ್ಲಿ ಬೆರಳಿಟ್ಟು ತೋರಿಸಿಯೇ, ಬಾಯಲ್ಲಿ ಹೇಳ್ಬೇಕು. ಆ ಎತ್ತರಕ್ಕೆ ಇನ್ನು ಸಾವಿರ ಅಡಿ ಉಂಟು ಅನ್ನುವಾಗ ‘ಒನ್ ಥೌಸಂಡ್ ಟು ಗೋ’ ಅಂತ ಕೂಗಿ ಹೇಳ್ಬೇಕು. ಯಾಕೆ ಸಾವಿರಕ್ಕೆ? ಅದೇ 2,000 ಅಡಿಯ ಲೆಕ್ಕದಲ್ಲಿ ಇನ್ನು 30 ಸೆಕೆಂಡ್ ಬಾಕಿ. ವೇಗ ಕಡಿಮೆ ಆಗ್ತಾ ಉಂಟಾ, ಕಂಪ್ಯೂಟರ್ ಆ ಎತ್ತರವನ್ನು ಹಿಡ್ಕೊಂಡಿತಾ ಅಂತ ನೋಡ್ಲಿಕ್ಕೆ ಅಷ್ಟು ಹೊತ್ತು ಸಾಕು, ಅದಕ್ಕಿಂತ ತಡ ಆದ್ರೆ ಸಾಕಾಗುದಿಲ್ಲ. ಅವನು ಆ ಮಾತನ್ನು ಹೇಳಿದಾಗ ಪಕ್ಕದವರು ಉತ್ತರ ಕೊಡ್ಲೇಬೇಕು. ಉತ್ತರ ಬರದಿದ್ರೆ ಅದೇ ಒಂದು ಎಚ್ಚರಿಕೆ, ಪಕ್ಕದವರಿಗೆ ಏನೋ ಆಗಿದೆ ಅಂತ.

ಇದು ಕೇಳ್ಲಿಕ್ಕೆ ಸುಲಭ, ಮಾಡ್ಲಿಕ್ಕೆ ಬಹಳ ಕಷ್ಟ ಅಕ್ಕ. ಏನೂ ಆಗದ ವಸ್ತುವನ್ನು ದಿಟ್ಟಿಸಿ ನೋಡ್ತಾ ಇರ್ಲಿಕ್ಕೆ ಮನುಷ್ಯನ ಮಿದುಳು ಆದದ್ದೇ ಅಲ್ಲ. ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರೇಡಾರ್ ನೋಡುವವರು ಯಾಕೆ ಗುರುತು ತಪ್ಪಿಸಿಕೊಳ್ತಾರೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಎಂಬವರು ಪರೀಕ್ಷೆ ಮಾಡಿದ್ರು, ಗಡಿಯಾರದ ಹಾಗೆ ತಿರುಗುವ ಒಂದು ಮುಳ್ಳು, ಅದು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರ್ತದೆ, ಅದನ್ನು ಹಿಡೀಬೇಕು. ಒಳ್ಳೊಳ್ಳೆ ಜನ ಕೂಡ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ತಪ್ಪಿಸಿಕೊಳ್ಳಲಿಕ್ಕೆ ಶುರು ಮಾಡಿದ್ರು. ಅಸಡ್ಡೆಯಿಂದ ಅಲ್ಲ. ಕಣ್ಣು ತೆರೆದೇ ಇರ್ತದೆ, ನೋಟ ಹೋಗಿರ್ತದೆ.

ಇನ್ನೊಂದು ಘಟನೆ ಹೇಳ್ದೆ ಇರ್ಲಿಕ್ಕೆ ಆಗುದಿಲ್ಲ. 1972ರ ಡಿಸೆಂಬರ್ 29ರ ರಾತ್ರಿ, ಅಮೆರಿಕದ ಮಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸಿನ ವಿಮಾನದಲ್ಲಿ ಮುಂದಿನ ಚಕ್ರದ ಸೂಚಕ ಬಲ್ಬ್ ಉರೀಲಿಲ್ಲ. 2,000 ಅಡಿಯಲ್ಲಿ ಆಟೋಪೈಲಟ್ ಹಾಕಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ರು. ಯಾರದೋ ಕೈ ಸ್ಟೀರಿಂಗಿಗೆ ತಾಗಿ ಎತ್ತರ ಹಿಡಿದಿಡುವ ವ್ಯವಸ್ಥೆ ಬಿಟ್ಟು ಹೋಗಿರ್ಬೇಕು, ವಿಮಾನ ಗೊತ್ತೇ ಆಗದಷ್ಟು ನಿಧಾನ ಇಳೀತಾ ಹೋಯ್ತು. ಎತ್ತರ ತಪ್ಪಿದೆ ಅಂತ ಗಂಟೆ ಕೂಡ ಬಾರಿಸಿತು, ಯಾರಿಗೂ ಕೇಳಿಸಲಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಎಂತ ಅಂದ್ರೆ, ಕೆಳಗೆ ಕಂಟ್ರೋಲರ್‌ಗೆ ರೇಡಾರ್‌ನಲ್ಲಿ ಎತ್ತರ ಕಡಿಮೆ ಕಂಡಿತ್ತು, ಆದ್ರೆ ಅವರು ‘ಅಲ್ಲಿ ಎಲ್ಲ ಹೇಗೆ ನಡೀತಾ ಉಂಟು’ ಅಂತ ಕೇಳಿದ್ರೇ ಹೊರತು ‘ನಿಮ್ಮ ಎತ್ತರ ಎಷ್ಟು’ ಅಂತ ಕೇಳ್ಲಿಲ್ಲ. ಪೈಲಟ್‌ಗಳು ಬಲ್ಬಿನ ವಿಷಯ ಅಂತ ತಿಳಿದು ಸರಿ ಉಂಟು ಅನ್ನುವ ಹಾಗೆ ಉತ್ತರ ಕೊಟ್ರು. 101 ಜನ ತೀರಿಕೊಂಡ್ರು. ನಿಮ್ಮ ಮಗನಿಗೆ ಇಷ್ಟು ಹೇಳಿ ಅಕ್ಕ, ಸಂಶಯ ಬಂದಾಗ ಸಂಖ್ಯೆ ಹೇಳು ಮಗಾ, ಸುತ್ತಿಬಳಸಿ ಕೇಳ್ಬೇಡ.

ಪ್ರ: ಈಗ ಎಲ್ಲ ಕಂಪ್ಯೂಟರೇ ಹಾರಿಸುದಲ್ವಾ ಸರ್? ಎತ್ತರ ಫೀಡ್ ಮಾಡಿದ್ರೆ ಅದು ಹೋಗಿ ಅಲ್ಲೇ ನಿಲ್ಲಬೇಕು. ಮಿಸ್ಟೇಕ್ ಆಗುದು ಎಲ್ಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉ: ನಿಲ್ತದೆ ತಂಗಿ, ನೀನು ಫೀಡ್ ಮಾಡಿದಲ್ಲೇ ನಿಲ್ತದೆ. ನೀನು ಫೀಡ್ ಮಾಡಿದ್ದು ಯಾವುದು ಅನ್ನುದೇ ಪ್ರಶ್ನೆ.

ಇಳಿಲಿಕ್ಕೆ ಆಟೋಪೈಲಟ್‌ಗೆ ಒಂದಲ್ಲ, ಹಲವು ದಾರಿ ಉಂಟು. ನಿಮಿಷಕ್ಕೆ ಇಷ್ಟು ಅಡಿ ಅಂತ ಹೇಳಬಹುದು, ಇಷ್ಟು ಡಿಗ್ರಿ ಕೋನದಲ್ಲಿ ಅಂತ ಹೇಳಬಹುದು, ಇಂಜಿನ್ ಐಡಲ್‌ಗೆ ತಂದು ಸ್ಪೀಡ್ ಹಿಡಿದುಕೊಂಡು ಬೇಗ ಇಳಿ ಅಂತಲೂ ಹೇಳಬಹುದು. ಪ್ರತಿಯೊಂದೂ ಒಂದೊಂದು ಮೋಡ್. ಒಂದೇ ಗುಂಡಿ, ಎರಡು ಅರ್ಥ ಆದ್ರೆ ಕಥೆ ಮುಗೀತು. 1992ರ ಜನವರಿ 20ಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಒಂದು ಎ320 ಬೆಟ್ಟಕ್ಕೆ ಹೊಡೆಯಿತು, 87 ಜನ ಹೋದ್ರು, 9 ಜನ ಉಳಿದ್ರು. ಪೈಲಟ್‌ಗಳಿಗೆ ಬೇಕಿದ್ದದ್ದು 3.3 ಡಿಗ್ರಿ ಇಳಿಜಾರು, ಆದ್ರೆ ಮೋಡ್ ಬೇರೆ ಇದ್ದ ಕಾರಣ ಕಂಪ್ಯೂಟರ್ ಅದನ್ನು ನಿಮಿಷಕ್ಕೆ 3,300 ಅಡಿ ಅಂತ ತಿಳಿದುಕೊಂಡಿತು, ಇದೇ ಹೆಚ್ಚು ಸಾಧ್ಯ ಅಂತ ತನಿಖೆಯವರು ಅಂದ್ರು. ಪರದೆಯಲ್ಲಿ ಒಂದರಲ್ಲಿ ‘33’ ಕಾಣ್ತದೆ, ಇನ್ನೊಂದರಲ್ಲಿ ‘3.3’ ಕಾಣ್ತದೆ, ವ್ಯತ್ಯಾಸ ಒಂದು ಚುಕ್ಕಿ. ರಾತ್ರಿ ಹೊತ್ತು, ಕೆಲಸದ ಗಡಿಬಿಡಿ, ಆ ಚುಕ್ಕಿ ಇಬ್ಬರಿಗೂ ಕಾಣ್ಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಲ್ಲೇ 1990ರ ಫೆಬ್ರವರಿ 14ರಂದು ಆದದ್ದು. ಇಂಡಿಯನ್ ಏರ್‌ಲೈನ್ಸಿನ ಎ320, ಮುಂಬೈಯಿಂದ ಬಂದು ಎಚ್‌ಎಎಲ್ ಏರ್‌ಪೋರ್ಟಿಗೆ ಇಳೀತಾ ಇತ್ತು, ಹಗಲು ಹೊತ್ತು, ರನ್‌ವೇ ಕಣ್ಣೆದುರು. ನಿಮಿಷಕ್ಕೆ 700 ಅಡಿ ಅಂತ ಇಡಬೇಕಾದಲ್ಲಿ ಪಕ್ಕದ ಗುಂಡಿ ತಿರುಗಿಸಿ 700 ಅಡಿ ಎತ್ತರ ಅಂತ ಇಟ್ಟಿರ್ಬೇಕು ಅಂತ ವಿಚಾರಣಾ ನ್ಯಾಯಾಲಯ ಹೇಳಿತು, ಎರಡೂ ಗುಂಡಿ ಹತ್ತಿರ ಹತ್ತಿರ ಇರುದು. ಅಷ್ಟಕ್ಕೆ ವಿಮಾನ ಇಂಜಿನ್ ಐಡಲ್ ಆಗುವ ಮೋಡ್‌ಗೆ ಹೋಯ್ತು. ಸ್ಪೀಡ್ ಬೀಳ್ತಾ ಬಂತು, ಎತ್ತರವೂ ಬೀಳ್ತಾ ಬಂತು, ಸೀಟಲ್ಲಿ ಇಬ್ಬರೂ ಅನುಭವಸ್ಥರೇ, ಒಬ್ಬರು ಇನ್ನೊಬ್ಬರನ್ನು ಪರೀಕ್ಷೆ ಮಾಡ್ಲಿಕ್ಕೆ ಕೂತವರು. ಗೊತ್ತಾಗುವಾಗ ಹೊತ್ತು ಮೀರಿತ್ತು. ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡ್ರು.

ನೀನು ಮುಂದೆ ಇಂಥ ಯಂತ್ರ ಡಿಸೈನ್ ಮಾಡುವ ಕೆಲಸಕ್ಕೆ ಹೋದ್ರೂ ಹೋಗಬಹುದು, ಅದಕ್ಕೆ ಹೇಳ್ತೇನೆ. ಪೈಲಟ್ ಎದುರಿನ ಪರದೆಯ ಮೇಲ್ಗಡೆ ಈಗ ಯಾವ ಮೋಡ್ ನಡೀತಾ ಉಂಟು ಅಂತ ಸಣ್ಣ ಅಕ್ಷರದಲ್ಲಿ ಬರ್ತದೆ, ಬದಲಾದಾಗ 10 ಸೆಕೆಂಡ್ ಅದರ ಸುತ್ತ ಒಂದು ಚೌಕಟ್ಟು ಕಾಣ್ತದೆ. ಗುಂಡಿ ಒತ್ತಿದ್ದು ಮುಖ್ಯ ಅಲ್ಲ, ಆ ಸಾಲನ್ನು ಗಟ್ಟಿಯಾಗಿ ಓದುದು ಮುಖ್ಯ, ಒತ್ತಿದವರು ಓದ್ಬೇಕು, ಪಕ್ಕದವರು ನೋಡಿ ಹೌದು ಅನ್ಬೇಕು. ಗುಂಡಿ ಹೇಳುದು ನಿನ್ನ ಆಸೆ, ಪರದೆ ಹೇಳುದು ವಿಮಾನ ಮಾಡುವ ಕೆಲಸ.

ಪ್ರ: ಬೋಟಿನಲ್ಲಿ ನಾವು ಬ್ಯಾರೋಮೀಟರ್ ನೋಡಿ ಗಾಳಿಮಳೆ ಅಂದಾಜು ಮಾಡ್ತಿದ್ದೆವು. ವಿಮಾನದಲ್ಲೂ ಎತ್ತರ ಅಳೆಯುದು ಅದರಿಂದಲೇ ಅಂತ ಕೇಳಿದೆ. ನಿಜವಾ?
— ಹಿರಿಯ ತಾಂಡೇಲರು, ಮಲ್ಪೆ

ಉ: ನಿಜ. ಎತ್ತರದ ಮೀಟರ್ ಅಂದ್ರೆ ಗಾಳಿಯ ಒತ್ತಡ ಅಳೆಯುವ ಯಂತ್ರವೇ, ಮುಖದಲ್ಲಿ ಅಡಿ ಅಂತ ಬರೆದಿರ್ತದೆ ಅಷ್ಟೆ. ಮೇಲೆ ಹಾರುವಾಗ ಎಲ್ಲರೂ 1013 ಮಿಲಿಬಾರ್ ಅಂತ ಒಂದೇ ಸಂಖ್ಯೆ ಇಟ್ಟುಕೊಳ್ತಾರೆ, ಕೆಳಗೆ ಬರುವಾಗ ಆ ಊರಿನ ಅವತ್ತಿನ ಒತ್ತಡಕ್ಕೆ ತಿರುಗಿಸಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಒತ್ತಡ 1013ಕ್ಕಿಂತ ಕಡಿಮೆ ಇರುದು ನಿಮಗೆ ಗೊತ್ತೇ ಉಂಟು. ಒಂದು ಅಂಕೆಗೆ ಸುಮಾರು 28 ಅಡಿ ವ್ಯತ್ಯಾಸ. ಒತ್ತಡ 1005 ಇರುವಾಗ ತಿರುಗಿಸಲಿಕ್ಕೆ ಮರೆತ್ರೆ ಮೀಟರ್ ತೋರಿಸುದಕ್ಕಿಂತ ವಿಮಾನ ಇನ್ನೂರು ಚಿಲ್ಲರೆ ಅಡಿ ಕೆಳಗೆ ಇರ್ತದೆ. ಗುಡ್ಡ ಇರುವ ಕಡೆ, ಮೋಡದ ಒಳಗೆ, ಅದು ಸಣ್ಣ ವಿಷಯ ಅಲ್ಲ. ಇದನ್ನೂ ಇಬ್ಬರೂ ತಿರುಗಿಸಿ, ಇಬ್ಬರೂ ಹೇಳಿ, ಎರಡು ಮೀಟರ್ ಒಂದೇ ತೋರಿಸ್ತದಾ ಅಂತ ತಾಳೆ ನೋಡ್ತಾರೆ.

ಪ್ರ: ಇಷ್ಟೆಲ್ಲ ಇದ್ದೂ ವಿಮಾನ ತಪ್ಪು ಎತ್ತರಕ್ಕೆ ಹೋದ್ರೆ ಕೆಳಗೆ ಕೂತ ನೀವು ಎಂತ ಮಾಡ್ತೀರಿ? ನಮ್ಮ ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಹಿಂದೆ ನಿಂತು ಬಾಡಿಗೆ ಬಡಿದು ‘ಹೋಲ್ಡ್’ ಅಂತಾನೆ. ನಿಮ್ಮದೂ ಹಾಗೆಯಾ?
— ಸರ್ವಿಸ್ ಬಸ್ ಡ್ರೈವರ್, ಕುಂದಾಪುರ

ಉ: ನೀವು ಕೊಟ್ಟ ಹೋಲಿಕೆ ಬಹಳ ಸರಿ ಮಾರಾಯ್ರೆ. ಒಂದೇ ವ್ಯತ್ಯಾಸ, ನಿಮ್ಮ ಕಂಡಕ್ಟರ್‌ಗೆ ಹಿಂದಿನ ಗೋಡೆ ಕಣ್ಣಿಗೆ ಕಾಣ್ತದೆ, ನಮಗೆ ಕಾಣುದು ಪರದೆಯಲ್ಲಿ ಒಂದು ಚುಕ್ಕಿ, ಅದರ ಪಕ್ಕ ಒಂದು ಸಂಖ್ಯೆ. ಆ ಸಂಖ್ಯೆಯೂ ಎಲ್ಲ ಕಾಲಕ್ಕೂ ಇರ್ಲಿಲ್ಲ.

1996ರ ನವೆಂಬರ್ 12ರ ಸಂಜೆ ನಿಮಗೆ ನೆನಪಿರಬಹುದು. ದೆಹಲಿಯ ಹತ್ತಿರ, ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ಸೌದಿಯ ಜಂಬೊ ಜೆಟ್ ಮೇಲೆ ಹತ್ತುದು, ಕಜಕಿಸ್ತಾನದ ಇಲ್ಯೂಶಿನ್ ಕೆಳಗೆ ಇಳಿಯುದು. ಸೌದಿಯವರಿಗೆ 14,000, ಕಜಕ್‌ನವರಿಗೆ 15,000 ಅಂತ ಕೊಟ್ಟಿತ್ತು, ಮಧ್ಯೆ ಸಾವಿರ ಅಡಿ. ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗೆ ಬಂತು. 349 ಜನ, ಎರಡೂ ವಿಮಾನದಲ್ಲಿ ಒಬ್ಬರೂ ಉಳೀಲಿಲ್ಲ. ಆಗ ದೆಹಲಿಯ ಕಂಟ್ರೋಲರ್ ಮುಂದೆ ಇದ್ದ ರೇಡಾರ್‌ನಲ್ಲಿ ವಿಮಾನ ಎಲ್ಲಿ ಉಂಟು ಅಂತ ಕಾಣ್ತಿತ್ತು, ಎಷ್ಟು ಎತ್ತರ ಅಂತ ಕಾಣ್ತಿರ್ಲಿಲ್ಲ, ಎತ್ತರಕ್ಕೆ ಪೈಲಟ್ ಹೇಳಿದ್ದೇ ಆಧಾರ. ಆ ಕಜಕ್ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದದ್ದು ಐದು ಜನ ಸಿಬ್ಬಂದಿ. ಕಂಟ್ರೋಲರ್ ಜೊತೆ ಮಾತಾಡ್ತಿದ್ದದ್ದು ರೇಡಿಯೋ ಆಪರೇಟರ್. ಅವರ ಎದುರು ಎತ್ತರದ ಮೀಟರೇ ಇರ್ಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡ್ಬೇಕಿತ್ತು. ಅಪ್ಪಣೆ ಕೇಳಿದ ಕಿವಿ ಒಬ್ಬರದು, ಮೀಟರ್ ನೋಡುವ ಕಣ್ಣು ಇನ್ನೊಬ್ಬರದು, ಮಧ್ಯೆ ಇಂಗ್ಲಿಷ್ ಬೇರೆ ಸರಿಯಾಗಿ ಬರುದಿಲ್ಲ. ಐದು ಜನ ಇದ್ದೂ ಕಾವಲಿಗೆ ಒಬ್ಬರೂ ಇಲ್ಲದ ಹಾಗೆ ಆಯ್ತು. ನ್ಯಾಯಮೂರ್ತಿ ಲಾಹೋಟಿ ಅವರ ವಿಚಾರಣೆ ಆದ ಮೇಲೆ ದೆಹಲಿಯಲ್ಲಿ ಬರುವ ದಾರಿ ಹೋಗುವ ದಾರಿ ಬೇರೆ ಬೇರೆ ಮಾಡಿದ್ರು, ಎತ್ತರ ತೋರಿಸುವ ರೇಡಾರ್ ಬಂತು, ವಿಮಾನ ವಿಮಾನ ಹತ್ತಿರ ಬಂದ್ರೆ ತಾನೇ ಕೂಗುವ ಟಿಕ್ಯಾಸ್ ಯಂತ್ರ ಕಡ್ಡಾಯ ಆಯ್ತು. ಆ ಯಂತ್ರ ‘ಹತ್ತು’ ಅಂದ್ರೆ ಹತ್ತಬೇಕು, ಕೆಳಗಿನಿಂದ ನಾವು ‘ಇಳಿ’ ಅಂದ್ರೂ ಕೇಳ್ಬಾರದು. 2002ರಲ್ಲಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಒಂದು ವಿಮಾನ ಯಂತ್ರದ ಮಾತು ಬಿಟ್ಟು ಕಂಟ್ರೋಲರ್ ಮಾತು ಕೇಳಿ 71 ಜನ ಹೋದ್ರು, ಆಮೇಲೆ ಈ ನಿಯಮದಲ್ಲಿ ಎಲ್ಲಿಯೂ ಅನುಮಾನ ಉಳೀಲಿಲ್ಲ.

ನನ್ನದೇ ಒಂದು ಹೇಳ್ತೇನೆ, ಊರು ಕಂಪೆನಿ ಯಾವುದೂ ಬೇಡ. ಒಂದು ರಾತ್ರಿ ಒಳ್ಳೇ ಟ್ರಾಫಿಕ್ ಇತ್ತು, ಇಳಿಯುವ ಒಂದು ವಿಮಾನಕ್ಕೆ 11,000 ಅಂತ ಕೊಟ್ಟೆ, ‘ಒನ್ ಒನ್ ಥೌಸಂಡ್’. ಅವರು ತಿರುಗಿ ಹೇಳಿದ್ದು ‘ಒನ್ ಝೀರೋ ಥೌಸಂಡ್’. ನನಗೆ ಕೇಳಿಸಿದ್ದು ಹನ್ನೊಂದೇ, ಯಾಕಂದ್ರೆ ನಾನು ಕಾಯ್ತಾ ಇದ್ದದ್ದು ಹನ್ನೊಂದನ್ನೇ. ಹತ್ತು ಮತ್ತೆ ಹನ್ನೊಂದು ಹೀಗೆ ಅದಲುಬದಲಾಗುದು ಪ್ರಪಂಚದಲ್ಲೆಲ್ಲ ಪೈಲಟ್‌ಗಳ ವರದಿಗಳಲ್ಲಿ ಬರುವ ಹಳೇ ಕಾಯಿಲೆ. ಹತ್ತು ಸಾವಿರದಲ್ಲಿ ಆಗ ಇನ್ನೊಂದು ವಿಮಾನ ಇತ್ತು. ಸ್ವಲ್ಪ ಹೊತ್ತಿಗೆ ಅದೇ ವಿಮಾನದಿಂದ ಬೇರೆ ಸ್ವರ, ಹೆಣ್ಣು ಸ್ವರ, ಆವರೆಗೆ ಮಾತಾಡಿರದಿದ್ದವರು, ‘ಕನ್ಫರ್ಮ್ ಲೆವೆಲ್’ ಅಂತ ಕೇಳಿದ್ರು. ಹಾರಿಸ್ತಾ ಇದ್ದ ಫಸ್ಟ್ ಆಫೀಸರ್, ಅಂದ್ರೆ ಕೋ ಪೈಲಟ್ ಅವರು, ಪಕ್ಕದ ಕ್ಯಾಪ್ಟನ್ ಹತ್ತು ಅಂತ ಹೇಳಿದ್ದು ಕೇಳಿ, ಇಲ್ಲ ನನಗೆ ಹನ್ನೊಂದು ಕೇಳಿಸಿತ್ತಲ್ಲ ಅಂತ ಸಂಶಯ ಬಂದು ಪುನಃ ಕೇಳಿದ್ದು. ಡ್ಯೂಟಿ ಮುಗಿದ ಮೇಲೆ ಟೇಪ್ ಹಾಕಿ ಕೇಳಿದೆ, ಹತ್ತು ಅಂತ ಅಷ್ಟು ಸ್ಪಷ್ಟ ಉಂಟು, ನನ್ನ ಕೈ ತಣ್ಣಗಾಯ್ತು. ತಪ್ಪು ಅವರದ್ದೂ ಹೌದು, ಹಿಡೀದೆ ಬಿಟ್ಟ ನನ್ನದೂ ಹೌದು, ವರದಿಯಲ್ಲಿ ಹಾಗೇ ಬರ್ದು ಕೊಟ್ಟೆ. ಆ ಹುಡುಗಿ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ವರ ಮಾತ್ರ ಕೇಳಿದ್ರೆ ಈಗಲೂ ಗುರುತು ಹಿಡಿತೇನೆ.

ಪ್ರ: 2010ರ ಮೇ 22ಕ್ಕೆ ನಮ್ಮ ಮನೆಯವರೊಬ್ಬರನ್ನು ಕಳಕೊಂಡೆವು. ಪಕ್ಕದಲ್ಲಿದ್ದ ಪೈಲಟ್ ಬೇಡ ಬೇಡ ಅಂತ ಹೇಳಿದ್ರಂತೆ. ಹೇಳಿದ ಮೇಲೂ ಯಾಕೆ ಹಾಗಾಯ್ತು? ಇಷ್ಟು ವರ್ಷ ಆದ್ರೂ ಅದೊಂದು ತಲೆಯಿಂದ ಹೋಗುದಿಲ್ಲ.
— ಒಬ್ಬ ಓದುಗರು, ಬಂಟ್ವಾಳ

ಉ: ನಿಮ್ಮ ಪತ್ರ ಓದಿ ಎರಡು ದಿನ ಹಾಗೇ ಇಟ್ಟಿದ್ದೆ. ನಿಮಗೆ ಹಾರಿಕೆಯ ಉತ್ತರ ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ, ವಿಚಾರಣಾ ವರದಿಯಲ್ಲಿ ಇರುದನ್ನೇ ಹೇಳ್ತೇನೆ.

ದುಬೈಯಿಂದ ಮಂಗಳೂರಿಗೆ ಬಂದು ಬಜ್ಪೆಯಲ್ಲಿ ಅಪಘಾತ ಆದ ಆ ಬೋಯಿಂಗ್ 737ರಲ್ಲಿ 166 ಜನ ಇದ್ರು, 158 ಜನ ಹೋದ್ರು, 8 ಜನ ಉಳಿದ್ರು. ಕಾಕ್‌ಪಿಟ್ ಧ್ವನಿ ಮುದ್ರಣದಲ್ಲಿ ಸುಮಾರು ಎರಡು ಗಂಟೆಯ ದಾಖಲೆ ಇತ್ತು, ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ರು. ಗಾಢ ನಿದ್ದೆಯಿಂದ ಎದ್ದ ಕೂಡಲೇ ಮನುಷ್ಯನ ತೀರ್ಮಾನ ಸರಿಯಾಗಿ ಕೆಲಸ ಮಾಡುದಿಲ್ಲ, ವರದಿ ಅದನ್ನೂ ಒಂದು ಕಾರಣ ಅಂತ ಎಣಿಸಿತು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು, ಅದರಿಂದ ಇಳಿಯುವ ಅಪ್ಪಣೆ ಮಾಮೂಲಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು. ಆದ್ರೆ ತಡವಾಗಿ ಸಿಕ್ಕಿದ ಅಪ್ಪಣೆಗೆ ತಕ್ಕ ಹಾಗೆ ಇಳಿಯುವ ಲೆಕ್ಕವನ್ನು ಅವರು ಹೊಂದಿಸಿಕೊಳ್ಳಲಿಲ್ಲ. ಮೇಲೆ ಹೇಳಿದ ಮೂರು ಮೈಲಿಗೆ ಸಾವಿರ ಅಡಿಯ ಲೆಕ್ಕ ಅಲ್ಲಿಯೇ ತಪ್ಪಿತು. ರನ್‌ವೇ ಹತ್ತಿರ ಬರುವಾಗ ವಿಮಾನ ಇರಬೇಕಾದ ಎತ್ತರದ ಹೆಚ್ಚುಕಮ್ಮಿ ಎರಡು ಪಟ್ಟು ಮೇಲೆ ಇತ್ತು. ಎತ್ತರ ತಪ್ಪುದು ಅಂದ್ರೆ ಕೆಳಗೆ ಹೋಗುದು ಮಾತ್ರ ಅಂತ ಜನ ತಿಳೀತಾರೆ, ಮೇಲೆ ಉಳಿಯುದೂ ಅಷ್ಟೇ ಅಪಾಯ, ನಮ್ಮ ಬಜ್ಪೆಯ ಹಾಗೆ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇಯಲ್ಲಿ ಅಂತೂ ಇನ್ನೂ ಹೆಚ್ಚು. ಕೆಳಗೆ ಬರ್ಲಿಕ್ಕೆ ಅಂತ ವಿಮಾನವನ್ನು ನಿಮಿಷಕ್ಕೆ ಸುಮಾರು 4,000 ಅಡಿ ವೇಗದಲ್ಲಿ ಇಳಿಸಿದ್ರು. ಸಾವಿರ ಅಡಿಯ ಕೆಳಗೆ ನಿಮಿಷಕ್ಕೆ ಸಾವಿರಕ್ಕಿಂತ ಹೆಚ್ಚು ಇಳೀತಾ ಇದ್ರೆ ಇಳಿಯುದು ಬಿಟ್ಟು ಪುನಃ ಮೇಲೆ ಹೋಗ್ಬೇಕು ಅನ್ನುದು ಎಲ್ಲ ಕಡೆ ಇರುವ ನಿಯಮ. 8,000 ಅಡಿ ಚಿಲ್ಲರೆಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ನೀವು ಕೇಳಿದ ಮಾತು. ಹೌದು, ಫಸ್ಟ್ ಆಫೀಸರ್ ‘ಗೋ ಅರೌಂಡ್’, ಅಂದ್ರೆ ಇಳಿಯುದು ಬಿಟ್ಟು ಪುನಃ ಮೇಲೆ ಹೋಗುವ, ಅಂತ ಮೂರು ಸಲ ಹೇಳಿದ್ರು. ಯಂತ್ರ ಕೂಡ ಮೇಲಿಂದ ಮೇಲೆ ಎಚ್ಚರಿಕೆ ಕೊಡ್ತಿತ್ತು. ಅಂದ್ರೆ ನೋಡಬೇಕಾದವರು ನೋಡಿದ್ರು, ಹೇಳಬೇಕಾದ್ದನ್ನು ಹೇಳಿದ್ರು. ಹೇಳಿದ್ದನ್ನು ಕೇಳಬೇಕಾದವರು ಕೇಳ್ಲಿಲ್ಲ. ಮತ್ತೆ ಅವರು ಯಾಕೆ ತಾವೇ ಕಂಟ್ರೋಲ್ ತೆಗೊಳ್ಳಲಿಲ್ಲ ಅಂತ ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಕೋ ಪೈಲಟ್ ತಾನಾಗಿ ಗೋ ಅರೌಂಡ್ ಮಾಡಬಹುದಾ ಅನ್ನುವ ಬಗ್ಗೆ ಆಗಿನ ಸೂಚನೆಗಳಲ್ಲೇ ಸ್ಪಷ್ಟ ಇರ್ಲಿಲ್ಲ, ಬಹುಶಃ ಅದರಿಂದಲೇ ಬರೀ ಹೇಳಿದ್ರು, ಕೈ ಹಾಕ್ಲಿಲ್ಲ ಅಂತ ವರದಿ ಹೇಳ್ತದೆ. ಇದು ನನಗೆ ಬಹಳ ನೋವು ಕೊಡುವ ಸಾಲು. ನಾವು ಒಬ್ಬರನ್ನು ಕಾವಲಿಗೆ ಕೂರಿಸಿ ನೋಡು ಅಂತ ಹೇಳ್ತೇವೆ, ಕೂಗು ಅಂತ ಹೇಳ್ತೇವೆ, ಕೂಗಿದ ಮೇಲೂ ನಿಲ್ಲದಿದ್ರೆ ಎಂತ ಮಾಡ್ಬೇಕು ಅಂತ ಹೇಳಿ ಕೊಡದಿದ್ರೆ ಆ ಮನುಷ್ಯ ಕೊನೆಯ ಹತ್ತು ಸೆಕೆಂಡಲ್ಲಿ ಅದನ್ನು ತಾನೇ ತೀರ್ಮಾನ ಮಾಡ್ಬೇಕಾಗ್ತದೆ. ಈಗ ಸುಮಾರು ಕಂಪೆನಿಗಳಲ್ಲಿ ಯಾರು ಗೋ ಅರೌಂಡ್ ಅಂದ್ರೂ, ಅವರು ನಿನ್ನೆ ಸೇರಿದವರೇ ಆಗ್ಲಿ, ಹಾರಿಸುವವರು ಪ್ರಶ್ನೆ ಮಾಡದೆ ಮೇಲೆ ಹೋಗ್ಬೇಕು. ಚರ್ಚೆ ಏನಿದ್ರೂ ಮೇಲೆ ಹೋದ ಮೇಲೆ.

ಕೂಳೂರು ತಣ್ಣೀರುಬಾವಿಯ ಸ್ಮಾರಕಕ್ಕೆ ನಾನೂ ಹೋಗಿದ್ದೇನೆ. ಅಲ್ಲಿ ನಿಂತಾಗ ನನಗೆ ಕೇಳುದು ಆ ಮೂರು ಸಲ ಹೇಳಿದ ಮಾತು. ನಿಮ್ಮವರು ಹೋದ ವಿಮಾನದಲ್ಲಿ ಒಬ್ಬರು ಕೊನೆಯವರೆಗೂ ಎಚ್ಚರ ಇದ್ರು, ಇಷ್ಟಾದ್ರೂ ನಿಮಗೆ ಗೊತ್ತಿರ್ಲಿ ಅಂತ ಬರ್ದೆ.

ಪ್ರ: ಮಾಮ, ವಿಮಾನ ಇಳಿಸುವಾಗ ಪೈಲಟ್‌ನವರು ಒಬ್ಬರಿಗೊಬ್ಬರು ಕಥೆ ಹೇಳ್ತಾರಾ?
— ಆರನೇ ಕ್ಲಾಸ್, ಉಡುಪಿ

ಉ: ಹೇಳುದಿಲ್ಲ ಪುಟ್ಟಾ. ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ವಿಮಾನದ ಕೆಲಸದ ಮಾತು ಮಾತ್ರ. 1974ರಲ್ಲಿ ಅಮೆರಿಕದ ಶಾರ್ಲೆಟ್ ಎಂಬ ಊರಲ್ಲಿ ಪೈಲಟ್‌ಗಳು ಬೇರೆ ಏನೇನೋ ಮಾತಾಡ್ತಾ ಎತ್ತರ ನೋಡದೆ ವಿಮಾನ ನೆಲಕ್ಕೆ ಬಡಿಯಿತು, ಅದರಿಂದಾಗಿ 1981ರಲ್ಲಿ ಅಲ್ಲಿ ಈ ನಿಯಮ ಮಾಡಿದ್ರು. ಇನ್ನೊಮ್ಮೆ ನೀನು ವಿಮಾನದಲ್ಲಿ ಹೋಗುವಾಗ ಕಾಲಡಿಯಲ್ಲಿ ಗುಡುಗುಡು ಶಬ್ದ ಮಾಡಿ ಚಕ್ರ ಇಳೀತದೆ, ಅದಾದ ಸ್ವಲ್ಪ ಹೊತ್ತಿಗೆ ಮುಂದೆ ಬಾಗಿಲಿನ ಆಚೆ ಒಬ್ಬರು ‘ಒನ್ ಥೌಸಂಡ್’ ಅಂತಾರೆ, ಇನ್ನೊಬ್ಬರು ಉತ್ತರ ಕೊಡ್ತಾರೆ, ನಿನಗೆ ಕೇಳುದಿಲ್ಲ. ಅಲ್ಲಿಂದ ಚಕ್ರ ನೆಲಕ್ಕೆ ತಾಗ್ಲಿಕ್ಕೆ ಒಂದೂವರೆ ನಿಮಿಷ ಉಂಟು, ಬೇಕಾದ್ರೆ ಎಣಿಸಿ ನೋಡು.